ವಿನಯವೂ ಸ್ವಸಾಮರ್ಥ್ಯದ ನಿರ್ಣಯವೂ

ವಿನಯವು ವಿದ್ಯೆಗೆ ಭೂಷಣವೆಂಬ ಮಾತನ್ನು ಕೇಳದೆ ಬೆಳೆದ ವಿದ್ಯಾರ್ಥಿ ಕನ್ನಡನಾಡಿನಲ್ಲಿ ಇರಲಾರನು. ಶಾಲೆಯ ಗೋಡೆಯ ಮೇಲಿನ ಸುಭಾಷಿತದಿಂದ ಹಿಡಿದು ವಾರ್ಷಿಕೋತ್ಸವದ ಅಧ್ಯಕ್ಷಭಾಷಣದವರೆಗೆ ಈ ಗುಣದ ಪ್ರಶಂಸೆ ನಡೆದೇ ಇರುತ್ತದೆ. ಆದರೆ ಪ್ರಶಂಸೆಗೆ ಪಾತ್ರವಾದಷ್ಟು ಪರಿಶೀಲನೆಗೆ ಅದು ಪಾತ್ರವಾಗಿಲ್ಲ. ತನ್ನ ಶಕ್ತಿಯನ್ನು ಇರುವುದಕ್ಕಿಂತ ಕಡಮೆಯಾಗಿ ಎಣಿಸಿಕೊಳ್ಳುವುದು ವಿನಯವೇ? ಲೆಕ್ಕವನ್ನು ಬಿಡಿಸಬಲ್ಲ ಬಾಲಕಿಯೊಬ್ಬಳು ಕೈಯೆತ್ತದೆ ಸುಮ್ಮನೆ ಕುಳಿತರೆ ಅವಳನ್ನು ವಿನಯವಂತೆಯೆಂದು ಮೆಚ್ಚಬೇಕೆ, ಅಥವಾ ಅವಳಿಗೆ ತನ್ನ ಬಲ ತಿಳಿದಿಲ್ಲವೆಂದು ಚಿಂತಿಸಬೇಕೆ? ಅಧ್ಯಾಪನವೃತ್ತಿಯಲ್ಲಿರುವವರಿಗೆ ಇದು ಕೇವಲ ಶಬ್ದಾರ್ಥದ ಜಿಜ್ಞಾಸೆಯಲ್ಲ. ಪ್ರತಿದಿನವೂ ತರಗತಿಯಲ್ಲಿ ಎದುರಾಗುವ ಪ್ರಶ್ನೆ.

'ವಿನಯ' ಎಂಬ ಸಂಸ್ಕೃತ ಶಬ್ದದ ಮೂಲಾರ್ಥವೇ ಈ ವಿಚಾರಕ್ಕೆ ಒಂದು ದಾರಿಯನ್ನು ತೋರಿಸುತ್ತದೆ. 'ನೀ' ಎಂದರೆ ನಡೆಸು, ಕೊಂಡೊಯ್ಯು ಎಂಬ ಧಾತುವಿನಿಂದ ಹುಟ್ಟಿದ ಈ ಪದಕ್ಕೆ ಶಿಕ್ಷಣ, ತರಬೇತಿ, ಸಂಯಮ ಎಂಬ ಅರ್ಥಗಳುಂಟು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಕುಮಾರನಿಗೆ ಕೊಡುವ ಶಿಕ್ಷಣಕ್ಕೆ ವಿನಯವೆಂದೇ ಹೆಸರು. ಬೌದ್ಧರಲ್ಲಿ ಭಿಕ್ಷುಗಳ ನಡೆವಳಿಯ ಕಟ್ಟಳೆಗಳಿಗೂ ಅದೇ ಹೆಸರು. ತಲೆತಗ್ಗಿಸಿ ನಿಲ್ಲುವ ಭಂಗಿಗೆ ಮಾತ್ರ ಈ ಶಬ್ದವನ್ನು ಮೀಸಲಿಟ್ಟದ್ದು ಬಳಕೆಯ ಸಂಕೋಚ. ತಿದ್ದಿಸಿಕೊಳ್ಳಲು ಸಿದ್ಧವಾಗಿರುವ ಮನಸ್ಸೇ ವಿನೀತವಾದ ಮನಸ್ಸು ಎಂಬುದು ಅದರ ಪೂರ್ಣಾರ್ಥ.

ಎರಡು ಬಗೆಯ ತಪ್ಪು ಎಣಿಕೆ

ಮನುಷ್ಯನು ತನ್ನ ಸಾಮರ್ಥ್ಯವನ್ನು ಅಳೆದುಕೊಳ್ಳುವಾಗ ಎಷ್ಟು ಸುಲಭವಾಗಿ ಎಡವುತ್ತಾನೆಂಬುದನ್ನು ಆಧುನಿಕ ಮನಃಶಾಸ್ತ್ರ ಪ್ರಯೋಗಗಳಿಂದ ತೋರಿಸಿಕೊಟ್ಟಿದೆ. ೧೯೮೧ರಲ್ಲಿ ಸ್ವೀಡನ್ನಿನ ಓಲಾ ಸ್ವೆನ್ಸನ್ ಎಂಬ ವಿದ್ವಾಂಸನು ವಾಹನ ಚಾಲಕರ ಎರಡು ಗುಂಪುಗಳನ್ನು, ತಮ್ಮ ಗುಂಪಿನ ಇತರರೊಡನೆ ಹೋಲಿಸಿ ತಮ್ಮ ಚಾಲನಾ ಕೌಶಲವನ್ನು ಅಂದಾಜು ಮಾಡುವಂತೆ ಕೇಳಿದನು. ಅಮೆರಿಕದ ಗುಂಪಿನಲ್ಲಿ ನೂರಕ್ಕೆ ೯೩ ಮಂದಿ, ಸ್ವೀಡನ್ನಿನ ಗುಂಪಿನಲ್ಲಿ ನೂರಕ್ಕೆ ೬೯ ಮಂದಿ ತಾವು ಮೇಲಿನ ಅರ್ಧದಲ್ಲಿ ಇರುವವರೆಂದು ಹೇಳಿದರು. ಅರ್ಧದಲ್ಲಿ ಅರ್ಧದಷ್ಟು ಜನರೇ ಇರಲು ಸಾಧ್ಯ. ಆದುದರಿಂದ ಅನೇಕರ ಎಣಿಕೆ ತಪ್ಪಾಗಿದ್ದಿತೆಂಬುದು ಸ್ಪಷ್ಟ.

೧೯೯೯ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನ್ನಿಂಗ್ ಪ್ರಕಟಿಸಿದ ಅಧ್ಯಯನ ಇನ್ನೂ ಪ್ರಸಿದ್ಧವಾದುದು. ತರ್ಕ, ವ್ಯಾಕರಣ, ಹಾಸ್ಯಪ್ರಜ್ಞೆಗಳಲ್ಲಿ ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಪ್ರತಿಯೊಬ್ಬನೂ ಇತರರೊಡನೆ ಹೋಲಿಸಿದಾಗ ತನ್ನ ಸ್ಥಾನವೆಷ್ಟೆಂದು ಊಹಿಸುವಂತೆ ಅವರು ಕೇಳಿದರು. ಅತ್ಯಂತ ಕೆಳಗಿನ ಕಾಲುಭಾಗದವರ ನಿಜವಾದ ಸ್ಥಾನ, ಕೆಳಗಿನಿಂದ ಎಣಿಸಿದರೆ, ನೂರರಲ್ಲಿ ಸರಾಸರಿ ೧೨. ಅವರ ಊಹೆಯಾದರೋ ೬೨. ಮೇಲಿನ ಕಾಲುಭಾಗದವರ ತಪ್ಪು ಇದಕ್ಕೆ ವಿರುದ್ಧವಾದುದು. ತಮಗೆ ಸುಲಭವಾದುದು ಎಲ್ಲರಿಗೂ ಸುಲಭವಾಗಿದ್ದೀತೆಂದು ಭಾವಿಸಿ, ತಮ್ಮ ಸ್ಥಾನವನ್ನು ಅವರು ಇರುವುದಕ್ಕಿಂತ ಕೆಳಗೆ ಎಣಿಸಿಕೊಂಡರು. ಈ ಅಂತರದಲ್ಲಿ ಒಂದು ಪಾಲು ಅಳತೆಯ ಗಣಿತದಿಂದಲೇ ಹುಟ್ಟುವಂಥದೆಂದು ಅನಂತರದ ಸಂಖ್ಯಾಶಾಸ್ತ್ರಜ್ಞರು ವಿಮರ್ಶಿಸಿದ್ದಾರೆ. ಆದರೂ ಪ್ರತಿಯೊಬ್ಬ ಅಧ್ಯಾಪಕನೂ ತನ್ನ ತರಗತಿಯಲ್ಲಿ ಈ ಎರಡು ಜಾತಿಯ ವಿದ್ಯಾರ್ಥಿಗಳನ್ನೂ ಗುರುತಿಸಬಲ್ಲನು.

ಅಧ್ಯಾಪಕರು ಹೆಚ್ಚು ಗಮನಿಸತಕ್ಕ ಅಂಶ ಆ ಪ್ರಯೋಗದ ಮುಂದಿನ ಭಾಗದಲ್ಲಿದೆ. ಇತರರ ಉತ್ತರಪತ್ರಿಕೆಗಳನ್ನು ತೋರಿಸಿದಾಗ ಮೇಲಿನವರು ತಮ್ಮ ಅಂದಾಜನ್ನು ತಿದ್ದಿಕೊಂಡರು, ಕೆಳಗಿನವರು ತಿದ್ದಿಕೊಳ್ಳಲಿಲ್ಲ. ಒಳ್ಳೆಯ ಉತ್ತರ ಯಾವುದೆಂದು ಗುರುತಿಸಲು ಬೇಕಾದ ಜ್ಞಾನವೇ ಅವರಲ್ಲಿ ಇರಲಿಲ್ಲ. ಆದರೆ ಅಂಥವರಿಗೆ ತರ್ಕದ ಪಾಠವನ್ನು ಹೇಳಿಕೊಟ್ಟ ಮೇಲೆ ತಮ್ಮ ಹಿಂದಿನ ಉತ್ತರಗಳ ದೋಷ ಅವರಿಗೇ ಕಂಡಿತು. ಅವರ ಅಂದಾಜೂ ನಿಜಕ್ಕೆ ಸಮೀಪವಾಯಿತು. ತನ್ನನ್ನು ಹೆಚ್ಚಾಗಿ ಎಣಿಸಿಕೊಳ್ಳುವ ವಿದ್ಯಾರ್ಥಿಗೆ ಅಹಂಕಾರಿಯೆಂಬ ಬೈಗುಳಿಗಿಂತ ಪಾಠವೇ ಒಳ್ಳೆಯ ಔಷಧವೆಂಬುದು ಇದರಿಂದ ಸಿದ್ಧವಾಗುತ್ತದೆ. ತನ್ನನ್ನು ಕಡಮೆಯಾಗಿ ಎಣಿಸಿಕೊಳ್ಳುವವನಿಗಾದರೋ ಇತರರ ನಡುವೆ ತನ್ನ ಸ್ಥಾನವೆಲ್ಲಿ ಎಂಬುದನ್ನು ತೋರಿಸಿಕೊಟ್ಟರೆ ಸಾಕು.

ವಿನಯವು ನೆಲಸಿರುವ ಸ್ಥಾನ

ಹಾಗಾದರೆ ವಿನಯವೆಂಬ ಸ್ವಭಾವಗುಣ ಈ ಎರಡು ತಪ್ಪುಗಳಲ್ಲಿ ಯಾವುದರ ಕಡೆಗೆ ವಾಲುತ್ತದೆ? ಕೆನಡಾ ದೇಶದಲ್ಲಿ ಸಂಶೋಧನೆ ನಡೆಸಿದ ಮೈಕೆಲ್ ಆಷ್ಟನ್ ಮತ್ತು ಕಿಬೋಮ್ ಲೀ, ಅನೇಕ ಭಾಷೆಗಳಲ್ಲಿ ಮನುಷ್ಯಸ್ವಭಾವವನ್ನು ವರ್ಣಿಸುವ ಪದಗಳ ಅಧ್ಯಯನಗಳನ್ನು ಆಧಾರವಾಗಿಟ್ಟುಕೊಂಡು, ವ್ಯಕ್ತಿತ್ವಕ್ಕೆ ಆರು ಮುಖ್ಯ ಅಂಗಗಳುಂಟೆಂದು ಈ ಶತಮಾನದ ಆದಿಯಲ್ಲಿ ಪ್ರತಿಪಾದಿಸಿದರು. ಅವುಗಳಲ್ಲೊಂದಕ್ಕೆ ಅವರು ಕೊಟ್ಟ ಹೆಸರು 'ಪ್ರಾಮಾಣಿಕತೆ-ವಿನಯ'. ನಿಷ್ಕಪಟತೆ, ನ್ಯಾಯಪರತೆ, ಲೋಭವಿಲ್ಲದಿರುವಿಕೆ, ನಿರಾಡಂಬರತೆ ಎಂಬ ನಾಲ್ಕು ಗುಣಗಳು ಅದರಲ್ಲಿ ಸೇರುತ್ತವೆ. ಇತರರಿಗಿಲ್ಲದ ವಿಶೇಷ ಮರ್ಯಾದೆ ತನಗೆ ಸಲ್ಲಬೇಕೆಂದು ಬಯಸದಿರುವುದೇ ಇಲ್ಲಿ ನಿರಾಡಂಬರತೆಯ ಲಕ್ಷಣ. ಆತ್ಮಗೌರವವನ್ನು ಈ ವಿದ್ವಾಂಸರು ಬೇರೊಂದು ಅಂಗದಲ್ಲಿಯೇ ಇರಿಸಿದ್ದಾರೆ. ಅಂದಮೇಲೆ ಒಬ್ಬನೇ ವ್ಯಕ್ತಿ ತನ್ನ ಶಕ್ತಿಯನ್ನು ಚೆನ್ನಾಗಿ ಅರಿತವನೂ ವಿನಯವಂತನೂ ಆಗಿರುವುದರಲ್ಲಿ ಯಾವ ವಿರೋಧವೂ ಇಲ್ಲ.

೨೦೦೦ದಲ್ಲಿ ಜೂನ್ ಟ್ಯಾಂಗ್ನಿ ಎಂಬ ಮನಃಶಾಸ್ತ್ರಜ್ಞೆ ವಿನಯದ ಲಕ್ಷಣಗಳನ್ನು ವಿವೇಚಿಸುವಾಗ, ತನ್ನ ಸಾಮರ್ಥ್ಯಗಳನ್ನೂ ಸಾಧನೆಗಳನ್ನೂ ಯಥಾರ್ಥವಾಗಿ ಅರಿಯುವುದನ್ನು ಅವುಗಳ ಸಾಲಿನಲ್ಲಿ ಸೇರಿಸಿದರು. ತನ್ನ ದೋಷಗಳನ್ನು ಒಪ್ಪಿಕೊಳ್ಳುವುದು, ಹೊಸ ವಿಚಾರಕ್ಕೂ ಪರರ ಸಲಹೆಗೂ ಕಿವಿಗೊಡುವುದು, ತನ್ನ ಬಗೆಗೇ ಸದಾ ಚಿಂತಿಸದಿರುವುದು ಇವು ಅದರ ಜೊತೆಯವು. ಕಡಮೆ ಎಣಿಕೆಗೆ ಈ ಪಟ್ಟಿಯಲ್ಲಿ ಸ್ಥಳವಿಲ್ಲ.

ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯನ್ನು ವಿನಯದ ಪ್ರಶಂಸೆಗಾಗಿ ಎಲ್ಲರೂ ಬಳಸುತ್ತಾರೆ. ಆ ಗಾದೆ ಕೊಡವು ತುಂಬಿದೆಯೆಂಬುದನ್ನು ಮೊದಲೇ ಒಪ್ಪಿಕೊಂಡಿದೆಯಷ್ಟೆ! ತುಂಬಿದ ಕೊಡ ತನ್ನನ್ನು ಬರಿದೆಂದು ಹೇಳಿಕೊಳ್ಳಬೇಕೆಂದು ಯಾವ ಗಾದೆಯೂ ವಿಧಿಸಿಲ್ಲ.

ಶಿವಪ್ಪನಾಯಕನ ಶಿಸ್ತು

ಯಥಾರ್ಥವಾಗಿ ಅಳೆಯುವುದೆಂದರೇನೆಂಬುದಕ್ಕೆ ದೂರದ ದೃಷ್ಟಾಂತವನ್ನು ಅರಸಬೇಕಾಗಿಲ್ಲ. ಸಾಗರ ತಾಲ್ಲೂಕಿನ ಕೆಳದಿ ಮತ್ತು ಇಕ್ಕೇರಿಗಳಲ್ಲಿ ಬೆಳೆದು, ಹೊಸನಗರ ತಾಲ್ಲೂಕಿನ ಬಿದನೂರಿನಲ್ಲಿ, ಅಂದರೆ ಇಂದಿನ ನಗರದಲ್ಲಿ, ರಾಜಧಾನಿಯನ್ನು ಹೂಡಿದ ಕೆಳದಿ ಅರಸರಲ್ಲಿ ಶಿವಪ್ಪನಾಯಕನ ಹೆಸರು ಅಗ್ರಗಣ್ಯವಾದುದು. ೧೬೪೫ರಿಂದ ೧೬೬೦ರವರೆಗೆ ಆಳಿದ ಈ ಅರಸನ ಭೂಕಂದಾಯದ ಏರ್ಪಾಟು 'ಶಿವಪ್ಪನಾಯಕನ ಶಿಸ್ತು' ಎಂದು ಇಂದಿಗೂ ಜನರ ಬಾಯಲ್ಲಿದೆ.

ಆ ಶಿಸ್ತನ್ನು ಗೊತ್ತುಪಡಿಸಿದ ರೀತಿಯನ್ನು ಮೈಸೂರು ಗೆಜೆಟಿಯರು ವಿವರಿಸುತ್ತದೆ. ಪ್ರತಿ ಗ್ರಾಮದಲ್ಲಿಯೂ ಪ್ರತಿಯೊಂದು ತರದ ಭೂಮಿಯಿಂದ ಒಂದು ಗದ್ದೆಯನ್ನು ಆರಿಸಿ, ಸರ್ಕಾರದ ವತಿಯಿಂದಲೇ ಸತತವಾಗಿ ೧೨ ವರ್ಷ ಸಾಗುವಳಿ ಮಾಡಿಸಲಾಯಿತು. ಬಿತ್ತಿದ ಬೀಜವೆಷ್ಟು, ಬೇಸಾಯಕ್ಕೆ ತಗುಲಿದ ವೆಚ್ಚವೆಷ್ಟು, ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂಬುದಕ್ಕೆಲ್ಲ ನಿಖರವಾದ ಲೆಕ್ಕವಿಡಲಾಯಿತು. ಅನಂತರ ಸರಾಸರಿಯನ್ನು ತೆಗೆದು ಉತ್ಪನ್ನದ ಮೂರನೆಯ ಒಂದು ಪಾಲನ್ನು ಸರ್ಕಾರದ ಭಾಗವೆಂದು ನಿಗದಿ ಮಾಡಲಾಯಿತು. ಒಂದು ವರ್ಷದ ಸಮೃದ್ಧಿಯಿಂದ ಭೂಮಿಯನ್ನು ಹೊಗಳಲಿಲ್ಲ. ಒಂದು ವರ್ಷದ ಅತಿವೃಷ್ಟಿಯಿಂದ ಅದನ್ನು ಹಳಿಯಲಿಲ್ಲ. ಅಧಿಕಾರಿಯ ಊಹೆಗೂ ಒಕ್ಕಲಿನ ಹೇಳಿಕೆಗೂ ಮಿಗಿಲಾಗಿ ಬೆಳೆದ ಬೆಳೆಯೇ ಅಲ್ಲಿ ಪ್ರಮಾಣವಾಯಿತು.

ಕನ್ನಡದಲ್ಲಿ 'ಶಿಸ್ತು' ಎಂಬ ಪದಕ್ಕೆ ಕಂದಾಯದ ನಿರ್ಣಯವೆಂಬ ಅರ್ಥವೂ ಕ್ರಮಬದ್ಧವಾದ ನಡೆವಳಿಯೆಂಬ ಅರ್ಥವೂ ಇವೆ. ಸ್ವಸಾಮರ್ಥ್ಯದ ವಿಷಯದಲ್ಲಿ ಈ ಎರಡು ಅರ್ಥಗಳೂ ಒಂದೆಡೆ ಕೂಡುತ್ತವೆ. ಹತ್ತು ಖಂಡುಗ ಬೆಳೆಯುವ ಗದ್ದೆಯನ್ನು ಹದಿನೈದೆಂದು ಬರೆದರೆ ಒಕ್ಕಲು ತೆರಲಾರದೆ ಕೆಡುತ್ತಾನೆ. ಐದೆಂದು ಬರೆಸಿದರೆ ಊರಿನ ಭಂಡಾರ ಬರಿದಾಗುತ್ತದೆ. ಎರಡೂ ಸುಳ್ಳು ಲೆಕ್ಕಗಳೇ. ತನ್ನ ಶಕ್ತಿಯನ್ನು ಉಬ್ಬಿಸಿಕೊಳ್ಳುವವನಿಂದ ಅವನಿಗೇ ಹಾನಿಯೊದಗಿದರೆ, ಅಡಗಿಸಿಕೊಳ್ಳುವವನಿಂದ ಸಮಾಜಕ್ಕೆ ಸಲ್ಲಬೇಕಾದ ಪಾಲು ಸಲ್ಲದೆ ಹೋಗುತ್ತದೆ. ತನ್ನನ್ನು ಹೊರಗಿನ ಅಳತೆಗೆ ಒಡ್ಡಿಕೊಂಡು, ಬಂದ ಲೆಕ್ಕವನ್ನು ಅದು ಹೆಚ್ಚಾಗಿರಲಿ ಕಡಮೆಯಾಗಿರಲಿ ಒಪ್ಪಿಕೊಳ್ಳುವ ಧೈರ್ಯವೇ ವಿನಯದ ತಿರುಳು.

ಕುಪ್ಪಳಿಯ ತರುಣನಿಗೆ ದೊರೆತ ಸಲಹೆ

ಹೊಸನಗರಕ್ಕೆ ಹೊಂದಿಕೊಂಡ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕವಿ ಕುವೆಂಪು ಅವರ ಜೀವನದಲ್ಲಿ ಇಂಥ ಅಳತೆಯ ಒಂದು ಸಂದರ್ಭವುಂಟು. ೧೯೦೪ರಲ್ಲಿ ಜನಿಸಿದ ಅವರು ತೀರ್ಥಹಳ್ಳಿಯಲ್ಲಿ ಓದಿ, ಅನಂತರ ವ್ಯಾಸಂಗಕ್ಕಾಗಿ ಮೈಸೂರಿಗೆ ಹೋದರು. ಆ ಕಾಲದಲ್ಲಿ ಅವರ ಕವನರಚನೆ ಇಂಗ್ಲಿಷಿನಲ್ಲಿ ನಡೆಯುತ್ತಿದ್ದಿತು. 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಕವನಗಳ ಪುಸ್ತಿಕೆ ೧೯೨೨ರಲ್ಲಿಯೇ ಅಚ್ಚಾಗಿದ್ದಿತು. ೧೯೨೪ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣನು ತನ್ನ ಕವನಗಳನ್ನು ಅವರಿಗೆ ತೋರಿಸಿದನು. ಅವುಗಳನ್ನು ನೋಡಿದ ಕಸಿನ್ಸ್, ಕನ್ನಡದಲ್ಲಿ ಏನನ್ನಾದರೂ ಬರೆದಿರುವುದುಂಟೇ ಎಂದು ವಿಚಾರಿಸಿ, ಮಾತೃಭಾಷೆಯಲ್ಲಿ ಬರೆಯುವಂತೆ ಸಲಹೆಯಿತ್ತರು. ಈ ಪ್ರಸಂಗವನ್ನು ಕುವೆಂಪು ತಮ್ಮ ಆತ್ಮಕಥೆಯಾದ 'ನೆನಪಿನ ದೋಣಿಯಲ್ಲಿ' ಕೃತಿಯಲ್ಲಿ ವಿವರಿಸಿದ್ದಾರೆ.

ಇಲ್ಲಿ ತಪ್ಪಿದ್ದ ಎಣಿಕೆ ಎರಡು. ಇಂಗ್ಲಿಷಿನಲ್ಲಿ ತನ್ನ ಕೈ ಪಳಗಿದೆಯೆಂಬ ಎಣಿಕೆ ಹೆಚ್ಚಾಗಿದ್ದಿತು. ಉನ್ನತವಾದ ಭಾವಗಳನ್ನು ಹೊರುವಷ್ಟು ಕಸುವು ಕನ್ನಡಕ್ಕಿಲ್ಲವೆಂಬ ಎಣಿಕೆ ಕಡಮೆಯಾಗಿದ್ದಿತು. ಪರದೇಶದ ಹಿರಿಯ ಕವಿಯಿಂದ ಮೆಚ್ಚುಗೆಯನ್ನು ನಿರೀಕ್ಷಿಸುತ್ತಿದ್ದ ಹತ್ತೊಂಬತ್ತರ ತರುಣನಿಗೆ ಆ ಸಲಹೆ ಕೂಡಲೇ ರುಚಿಸುವಂಥದಲ್ಲ. ಆದರೂ ಅವನು ಅದನ್ನು ತಳ್ಳಿಹಾಕಲಿಲ್ಲ. ಕನ್ನಡದಲ್ಲಿ ಬರೆದು ನೋಡಿದನು. ಬರೆದು ನೋಡಿದ್ದೇ ಅಳತೆಯಾಯಿತು. ಆ ತಿರುವಿನ ಫಲವಾಗಿ ಮುಂದೆ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯ ಮೂಡಿತು. ಅದಕ್ಕೆ ೧೯೫೫ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ, ೧೯೬೭ನೆಯ ಸಾಲಿನಲ್ಲಿ ಕನ್ನಡಕ್ಕೆ ಮೊತ್ತಮೊದಲ ಜ್ಞಾನಪೀಠ ಪ್ರಶಸ್ತಿಯೂ ದೊರೆತವು.

ಆ ಮಹಾಕಾವ್ಯವನ್ನು ಕವಿ ತಮ್ಮ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದ್ದಾರೆ. ಗುರುವಿನೆದುರು ಬಾಗಿದ ಶಿಷ್ಯಭಾವ ಆ ಅರ್ಪಣೆಯಲ್ಲಿ ಎಷ್ಟು ನಿಜವೋ, ತಾನು ಮಾಡಿದ ಕಾರ್ಯದ ಹಿರಿಮೆಯನ್ನು ಮುಚ್ಚಿಡದ ಆತ್ಮವಿಶ್ವಾಸವೂ ಅಷ್ಟೇ ನಿಜ. ತಲೆಬಾಗುವುದಕ್ಕೂ ತನ್ನ ಎತ್ತರವನ್ನು ಅರಿಯುವುದಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನ ಬೇಕೆ?

ಪರೀಕ್ಷೆಗೆ ನಿಂತ ಶರಣೆ

ಶರಣಪರಂಪರೆಯಲ್ಲಿಯೂ ಇದೇ ವಿವೇಕ ಕಾಣುತ್ತದೆ. ಸಾಗರ ಹೊಸನಗರಗಳ ನೆರೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಜನ್ಮಸ್ಥಳ. ಆಕೆ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಶರಣರ ಸಭೆಯಲ್ಲಿ ಕಠಿನವಾದ ಪ್ರಶ್ನೆಗಳನ್ನು ಕೇಳಿದನೆಂದು ಶೂನ್ಯಸಂಪಾದನೆ ನಿರೂಪಿಸುತ್ತದೆ. ಆಕೆ ಆ ಪ್ರಶ್ನೆಗಳಿಂದ ನೊಂದು ಹಿಂಜರಿಯಲಿಲ್ಲ. ತನಗೇನೂ ತಿಳಿಯದೆಂದು ಸೌಜನ್ಯದ ಮರೆಯಲ್ಲಿ ಅಡಗಿಕೊಳ್ಳಲೂ ಇಲ್ಲ. ಪ್ರಶ್ನೆಗೆ ಪ್ರಶ್ನೆಯ ಮಟ್ಟದಲ್ಲಿಯೇ ಉತ್ತರವಿತ್ತು, ಸಭೆಯ ಮನ್ನಣೆಗೆ ಪಾತ್ರಳಾದಳು. ಕೇಳಲು ಅಲ್ಲಮನಿಗಿದ್ದ ಅಧಿಕಾರವನ್ನು ಮನ್ನಿಸಿದ್ದು ಆಕೆಯ ವಿನಯ. ತನ್ನ ಅನುಭಾವವನ್ನು ಅಲ್ಲಗಳೆಯದಿದ್ದುದು ಆಕೆಯ ಸತ್ಯ. ಎರಡರಲ್ಲಿ ಒಂದನ್ನು ಬಿಟ್ಟಿದ್ದರೂ ಆ ಸಂವಾದ ಸಾರ್ಥಕವಾಗುತ್ತಿರಲಿಲ್ಲ.

ಬಸವಣ್ಣನವರ ಕಿಂಕರಭಾವವನ್ನೂ ಹೀಗೆಯೇ ತಿಳಿಯಬೇಕು. ಶರಣರ ಮುಂದೆ ತಮ್ಮನ್ನು ಕಿರಿಯರೆಂದು ಭಾವಿಸಿದ ಅವರೇ ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತು ನಿರ್ವಹಿಸಿದವರು. ತಮ್ಮಿಂದ ಆಗದೆಂದು ಆ ಹೊಣೆಯಿಂದ ಅವರು ಜಾರಿಕೊಳ್ಳಲಿಲ್ಲ.

ಹೆಗ್ಗೋಡಿನ ಪಾಠ

ವ್ಯಕ್ತಿಯಂತೆ ಊರೂ ತನ್ನ ಸಾಮರ್ಥ್ಯವನ್ನು ತಪ್ಪಾಗಿ ಎಣಿಸಿಕೊಳ್ಳಬಹುದು. ಹಳ್ಳಿಗರಿಗೆ ಉನ್ನತ ಕಲೆ ಅರ್ಥವಾಗದೆಂಬ ಪಟ್ಟಣದವರ ಮಾತನ್ನು ಹಳ್ಳಿಗರೇ ನಂಬಿ, ಅದನ್ನು ತಮ್ಮ ನಮ್ರತೆಯೆಂದು ತಿಳಿದರೆ ಆಗುವ ನಷ್ಟ ಅಷ್ಟಿಷ್ಟಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡು ಆ ಮಾತನ್ನು ಪರೀಕ್ಷಿಸದೆ ಒಪ್ಪಲಿಲ್ಲ. ೧೯೪೯ರಲ್ಲಿ ಅಲ್ಲಿ ಸ್ಥಾಪಿತವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, ಅಡಕೆ ತೋಟಗಳ ನಡುವಿನ ಆ ಗ್ರಾಮದಲ್ಲಿಯೇ ೧೯೭೨ರಲ್ಲಿ ರಂಗಮಂದಿರವನ್ನು ಕಟ್ಟಿತು. ೧೯೭೩ರಲ್ಲಿ ಚಿತ್ರಸಮಾಜವನ್ನು ಸ್ಥಾಪಿಸಿ ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ಗ್ರಾಮಸ್ಥರ ಮುಂದಿಟ್ಟಿತು. ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ ೧೯೮೫ರಲ್ಲಿ ತಿರುಗಾಟವೆಂಬ ಸಂಚಾರಿ ನಾಟಕತಂಡವನ್ನೂ ಆರಂಭಿಸಿತು. ಈ ಕಾರ್ಯದ ಚೇತನವಾಗಿದ್ದ ಕೆ. ವಿ. ಸುಬ್ಬಣ್ಣನವರಿಗೆ ೧೯೯೧ರಲ್ಲಿ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು.

ಅಲ್ಲಿನ ಸಂಸ್ಕೃತಿ ಶಿಬಿರಗಳಲ್ಲಿ ರಾತ್ರಿ ಆಡಿದ ನಾಟಕವನ್ನು ಮರುದಿನ ಬೆಳಗ್ಗೆ ಚರ್ಚೆಗೆ ಒಡ್ಡುವ ಪದ್ಧತಿ ನಡೆದುಬಂದಿದೆ. ಮಾಡಿದ ಕೆಲಸ ಹೊಗಳಿಕೆಯಲ್ಲಿ ಮುಗಿಯದೆ ವಿಮರ್ಶೆಯ ಎದುರಿಗೆ ನಿಲ್ಲುತ್ತದೆ. ಬಲವನ್ನು ಕಡಮೆಯೆಂದು ಮೊದಲೇ ತೀರ್ಮಾನಿಸದಿರುವುದು, ಮಾಡಿದ ಮೇಲೆ ದೋಷವನ್ನು ಕೇಳಿಸಿಕೊಳ್ಳುವುದು, ಇವೆರಡೂ ಅಲ್ಲಿ ಒಂದೇ ಶಿಸ್ತಿನ ಭಾಗಗಳಾಗಿವೆ.

ವಿದ್ಯಾಸಂಸ್ಥೆಗಳ ಹೊಣೆ

ಈ ವಿಚಾರದಿಂದ ಶಾಲೆಗೆ ಒದಗುವ ಕರ್ತವ್ಯಗಳೇನು? ಮೊದಲನೆಯದಾಗಿ, ಮೌನವನ್ನು ವಿನಯವೆಂದು ಬಹುಮಾನಿಸುವುದನ್ನು ಬಿಡಬೇಕು. ಮಲೆನಾಡಿನ ಒಂಟಿಮನೆಗಳಿಂದ ಮೈಲಿಗಟ್ಟಲೆ ನಡೆದು ಬರುವ ಮಕ್ಕಳಲ್ಲಿ, ಮನೆಯಲ್ಲಿ ಮೊದಲಿಗರಾಗಿ ಅಕ್ಷರ ಕಲಿತವರಲ್ಲಿ, ಹೆಣ್ಣುಮಕ್ಕಳಲ್ಲಿ ತಮ್ಮನ್ನು ಕಡಮೆಯಾಗಿ ಎಣಿಸಿಕೊಳ್ಳುವವರು ಅನೇಕರು. ಹತ್ತನೆಯ ತರಗತಿಯ ಅನಂತರ ಯಾವ ವ್ಯಾಸಂಗವನ್ನು ಹಿಡಿಯಬೇಕೆಂಬ ಗಳಿಗೆಯಲ್ಲಿ, ತನ್ನಿಂದಾಗದೆಂಬ ಒಂದು ಮಾತಿನಿಂದ ಅಂಥ ಮಗುವಿನ ಮುಂದಿನ ಬಾಳೇ ಬೇರೆ ದಾರಿ ಹಿಡಿಯುತ್ತದೆ. ಆ ಮಾತನ್ನು ಒಳ್ಳೆಯ ನಡತೆಯೆಂದು ಹೊಗಳಿದ ಶಾಲೆ, ಅರಿಯದೆಯೇ, ಹತ್ತು ಖಂಡುಗದ ಗದ್ದೆಯನ್ನು ಐದೆಂದು ಬರೆಸಿದಂತಾಗುತ್ತದೆ.

ಎರಡನೆಯದಾಗಿ, ತನ್ನನ್ನು ಅಳೆದುಕೊಳ್ಳುವ ಕಲೆಯನ್ನು ಪಾಠದಂತೆಯೇ ಕಲಿಸಬಹುದು. ಉತ್ತರಪತ್ರಿಕೆಗಳನ್ನು ಮರಳಿಸುವ ಮುನ್ನ, ತನಗೆ ಎಷ್ಟು ಅಂಕ ಬಂದೀತೆಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ಅನಂತರ ಬಂದ ಅಂಕದೊಡನೆ ಹೋಲಿಸಿ ನೋಡಲಿ. ಅಂತರ ಮೇಲಕ್ಕಿರಲಿ ಕೆಳಕ್ಕಿರಲಿ ಯಾರೂ ನಗಕೂಡದು. ಅಂತರಕ್ಕೆ ಕಾರಣವೇನೆಂದು ಮಾತ್ರ ವಿಚಾರಿಸಬೇಕು. ವರ್ಷಪೂರ್ತಿ ಇಂಥ ಲೆಕ್ಕವನ್ನಿಟ್ಟರೆ, ತನ್ನ ಬಲವೆಲ್ಲಿ ಕೊರತೆಯೆಲ್ಲಿ ಎಂಬುದು ವಿದ್ಯಾರ್ಥಿಗೆ ತಾನಾಗಿ ಗೋಚರಿಸುತ್ತದೆ. ಒಂದು ಕಿರುಪರೀಕ್ಷೆಯಿಂದ ಯಾವ ಮಗುವಿನ ಮೇಲೂ ಮುದ್ರೆಯೊತ್ತಬಾರದೆಂಬುದನ್ನು ೧೨ ವರ್ಷಗಳ ಆ ಹಳೆಯ ಶಿಸ್ತು ಅಧ್ಯಾಪಕರಿಗೂ ನೆನಪಿಸುತ್ತದೆ.

ಮೂರನೆಯದಾಗಿ, ಅಧ್ಯಾಪಕನ ನಡೆಯೇ ವಿದ್ಯಾರ್ಥಿಗೆ ಮೊದಲ ಪಠ್ಯ. ತಿಳಿಯದ ಪ್ರಶ್ನೆ ಬಂದಾಗ ತಿಳಿಯದೆಂದು ಹೇಳಿ, ಮರುದಿನ ಗ್ರಂಥವನ್ನು ನೋಡಿ ಬಂದು ಉತ್ತರಿಸುವ ಉಪಾಧ್ಯಾಯನಿಂದ ಮಕ್ಕಳು ಕಲಿಯುವ ವಿನಯವನ್ನು ಯಾವ ಉಪದೇಶವೂ ಕಲಿಸಲಾರದು. ಹಾಗೆಯೇ ತನಗೆ ಚೆನ್ನಾಗಿ ತಿಳಿದ ವಿಷಯವನ್ನು ಸಂಕೋಚವಿಲ್ಲದೆ ದೃಢವಾಗಿ ಹೇಳುವುದೂ ಅದೇ ಪಾಠದ ಮತ್ತೊಂದು ಭಾಗ.

ಹಿರಿಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಇದರಲ್ಲಿ ಪಾಲುಂಟು. ಅರ್ಜಿ ಹಾಕಿದವರಿಗೆ ಮಾತ್ರ ದೊರೆಯುವ ವಿದ್ಯಾರ್ಥಿವೇತನ, ಸಾಮರ್ಥ್ಯವನ್ನು ಅಳೆಯುವ ಮೊದಲೇ, ತನಗೆ ಸಾಮರ್ಥ್ಯವುಂಟೆಂಬ ನಂಬಿಕೆಯನ್ನು ಅಳೆದುಬಿಡುತ್ತದೆ. ಅರ್ಹತೆಯಿದ್ದೂ ಅರ್ಜಿ ಹಾಕಲು ಹಿಂಜರಿಯುವ ಮಗುವಿನ ಹೆಸರು ಸಮಿತಿಯ ಮೇಜಿನವರೆಗೆ ಬರುವುದೇ ಇಲ್ಲ. ಆದುದರಿಂದ ದಾನದ ಏರ್ಪಾಟಿನಲ್ಲಿ, ಉಪಾಧ್ಯಾಯರು ತಾವೇ ಗುರುತಿಸಿ ಸೂಚಿಸುವ ಮಕ್ಕಳಿಗೂ ಸ್ಥಾನವಿರಬೇಕಾದುದು ಅವಶ್ಯಕ. ಉನ್ನತ ಹುದ್ದೆಗಳಿಗೆ ಏರಿದ ಹಿರಿಯ ವಿದ್ಯಾರ್ಥಿಗಳು ಶಾಲೆಗೆ ಬಂದಾಗ, ತಾವು ಗೆದ್ದ ಕಥೆಯೊಡನೆ ಸೋತು ತಿದ್ದಿಕೊಂಡ ಕಥೆಯನ್ನೂ ಹೇಳುವುದಾದರೆ, ಕೇಳುವ ಮಕ್ಕಳಿಗೆ ತಮ್ಮನ್ನು ಅಳೆದುಕೊಳ್ಳಲು ನಿಜವಾದ ಕೋಲು ದೊರೆಯುತ್ತದೆ.

ತನ್ನನ್ನು ಕುರಿತು ಸರಿಯಾದ ಲೆಕ್ಕವನ್ನಿಟ್ಟುಕೊಂಡವನಿಗೆ ಮೆರೆಯುವ ಅವಶ್ಯಕತೆಯೂ ಇಲ್ಲ, ಮರೆಯಾಗುವ ಅವಶ್ಯಕತೆಯೂ ಇಲ್ಲ. ಇದ್ದುದನ್ನು ಇದ್ದಂತೆ ಒಪ್ಪಿ, ಇಲ್ಲದುದನ್ನು ಗಳಿಸಲು ಯತ್ನಿಸಿ, ಗಳಿಸಿದುದನ್ನು ಊರಿನ ಕೆಲಸಕ್ಕೆ ಸಲ್ಲಿಸುವ ಮನಸ್ಸನ್ನು ಮಕ್ಕಳಲ್ಲಿ ಬೆಳೆಸುವ ವಿದ್ಯಾಸಂಸ್ಥೆಯು ವಿನಯವೆಂಬ ಹಳೆಯ ಶಬ್ದಕ್ಕೆ ಅದರ ಪೂರ್ಣಾರ್ಥವನ್ನು ಮರಳಿ ತಂದುಕೊಟ್ಟಂತಾಗುತ್ತದೆ.